ಮೂಕಪ್ರಾಣಿಯ ಉಪವಾಸ

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ಕಡೆ ಮನೆಯ ನಾಯಿಗೆ ಶಸ್ತ್ರಚಿಕಿತ್ಸೆ ಆಗಬೇಕೆಂದರೆ ಪಶುವೈದ್ಯರು ತಪ್ಪದೆ ಹೇಳುವ ಒಂದು ಮಾತಿದೆ: ಹಿಂದಿನ ರಾತ್ರಿಯಿಂದ ಹೊಟ್ಟೆಗೆ ಏನೂ ಹಾಕಬೇಡಿ. ಹೇಳುವುದು ಸುಲಭ, ನಡೆಸುವುದು ಕಷ್ಟ. ಇಲ್ಲಿಯ ಮನೆಗಳು ಬಯಲುಸೀಮೆಯ ಹಳ್ಳಿಗಳಂತೆ ಒಂದಕ್ಕೊಂದು ಅಂಟಿಕೊಂಡಿಲ್ಲ. ತೋಟದ ನಡುವೆ ಒಂದು, ಗುಡ್ಡದ ಆಚೆ ಇನ್ನೊಂದು. ನಾಯಿಗೆ ಈ ಗಡಿಗಳು ಲೆಕ್ಕಕ್ಕಿಲ್ಲ. ತನ್ನ ಮನೆಯಲ್ಲಿ ಗಂಜಿ ಸಿಗದಿದ್ದರೆ ನೆರೆಮನೆಯ ಹಿತ್ತಿಲಲ್ಲಿ ಬಂಗುಡೆಯ ತಲೆ ಸಿಗುತ್ತದೆ. ಕಟ್ಟಿಹಾಕಿದರೂ ಬೆಳಗಿನ ಜಾವ ಅದು ಕುಂಯ್‌ಗುಟ್ಟಿದಾಗ ಎದ್ದು ಒಂದು ತುಂಡು ದೋಸೆ ಹಾಕುವವರು ಮನೆಯಲ್ಲಿ ಒಬ್ಬರಾದರೂ ಇರುತ್ತಾರೆ. ಏಕಾದಶಿಯ ಉಪವಾಸವನ್ನೂ ಜೈನ ವ್ರತಗಳನ್ನೂ ಚೆನ್ನಾಗಿ ಬಲ್ಲ ಊರುಗಳಿವು. ಆದರೆ ತಾನು ಏಕೆ ಉಪವಾಸ ಇರಬೇಕೆಂದು ನಾಯಿಗೆ ಹೇಳಿ ಒಪ್ಪಿಸುವಂತಿಲ್ಲ.

ಈ ನಿಯಮ ಎಲ್ಲಿಂದ ಬಂತು? ಹಳೆಯ ವೈದ್ಯಶಾಸ್ತ್ರ ನೋಡಿದರೆ ಮೊದಲಿಗೆ ಇದರ ತದ್ವಿರುದ್ಧವೇ ಕಾಣುತ್ತದೆ. ಶಸ್ತ್ರಕ್ರಿಯೆಗೆ ಮೊದಲು ರೋಗಿಗೆ ಊಟ ಕೊಡಬೇಕು, ಕುಡಿಯುವ ಅಭ್ಯಾಸವಿದ್ದವನಿಗೆ ತೀಕ್ಷ್ಣವಾದ ಮದ್ಯ ಕೊಡಬೇಕು ಎನ್ನುತ್ತದೆ ಸುಶ್ರುತ ಸಂಹಿತೆ. ಉಂಡವನು ಮೂರ್ಛೆ ಹೋಗುವುದಿಲ್ಲ, ಮತ್ತನಾದವನಿಗೆ ಶಸ್ತ್ರದ ನೋವು ತಿಳಿಯುವುದಿಲ್ಲ ಎಂಬುದು ಅದರ ತರ್ಕ. ಆದರೆ ಅದೇ ಗ್ರಂಥ ಮೂಢಗರ್ಭ, ಉದರ, ಮೂಲವ್ಯಾಧಿ, ಮೂತ್ರಾಶಯದ ಕಲ್ಲು, ಬಾಯಿಯ ರೋಗ ಮೊದಲಾದವುಗಳಲ್ಲಿ ಉಣ್ಣದವರ ಮೇಲೆಯೇ ಶಸ್ತ್ರ ಪ್ರಯೋಗಿಸಬೇಕು ಎಂದೂ ವಿಧಿಸುತ್ತದೆ. ಇಷ್ಟು ಸೂಕ್ಷ್ಮವಾಗಿ ಬೇರ್ಪಡಿಸಿ ನೋಡಿದ್ದು ನಿಜಕ್ಕೂ ದೊಡ್ಡ ಮಾತು. ಪ್ರಾಣಿಗಳ ವಿಷಯದಲ್ಲೂ ಕನ್ನಡದಲ್ಲಿ ಬರವಣಿಗೆ ಹಳೆಯದು. ಚಾಲುಕ್ಯ ಮನೆತನದ ಜೈನ ಕವಿ ಕೀರ್ತಿವರ್ಮನ 'ಗೋವೈದ್ಯ'ದಲ್ಲಿ ಮದ್ದೂ ಇದೆ, ಮಂತ್ರವೂ ಇದೆ. ಆದರೆ ಪ್ರಾಣಿಯ ಮೇಲೆ ಕತ್ತಿ ಆಡಿಸಬೇಕಾದಾಗ ಬಹುಕಾಲ ನೆರವಿಗಿದ್ದದ್ದು ಹಗ್ಗ ಮತ್ತು ನಾಲ್ಕು ಜನ ಗಟ್ಟಿಗರು.

1846ರಲ್ಲಿ ಅಮೆರಿಕದ ಬಾಸ್ಟನ್‌ನಲ್ಲಿ ಈಥರ್, ಮರುವರ್ಷ ಸ್ಕಾಟ್ಲೆಂಡಿನ ಸಿಂಪ್ಸನ್ನನಿಂದ ಕ್ಲೋರೋಫಾರ್ಮ್ ಬಳಕೆಗೆ ಬಂದವು. ನೋವು ಹೋಯಿತು, ಹೊಸ ಭಯ ಬಂತು. 1848ರ ಜನವರಿ 28ರಂದು ಇಂಗ್ಲೆಂಡಿನ ಹದಿನೈದರ ಹುಡುಗಿ ಹ್ಯಾನಾ ಗ್ರೀನರ್ ಕಾಲಿನ ಉಗುರು ತೆಗೆಸಿಕೊಳ್ಳುವಾಗ ಕ್ಲೋರೋಫಾರ್ಮ್ ಮೂಸಿ ಕೆಲವೇ ನಿಮಿಷಗಳಲ್ಲಿ ಸತ್ತಳು. ಅವಳನ್ನು ಎಬ್ಬಿಸಲು ಬಾಯಿಗೆ ಹಾಕಿದ ನೀರು, ಬ್ರಾಂದಿಯೇ ಉಸಿರು ಕಟ್ಟಿಸಿತೆಂದು ಸಿಂಪ್ಸನ್ ವಾದಿಸಿದ. ಉಳಿದವರು ಒಪ್ಪಲಿಲ್ಲ. ಆದರೂ ಪ್ರಜ್ಞೆ ತಪ್ಪಿದ ದೇಹಕ್ಕೆ ನುಂಗುವ ಎಚ್ಚರ ಇರುವುದಿಲ್ಲವೆಂಬ ಸಂಗತಿ ಆಗಲೇ ಚರ್ಚೆಗೆ ಬಂದಿತ್ತು.

ಇದನ್ನು ಸ್ಪಷ್ಟವಾಗಿ ತೋರಿಸಿದವನು ನ್ಯೂಯಾರ್ಕಿನ ಪ್ರಸೂತಿ ವೈದ್ಯ ಕರ್ಟಿಸ್ ಮೆಂಡೆಲ್ಸನ್. ಅವನ ಲೇಖನ 1946ರದು. 44,016 ಗರ್ಭಿಣಿಯರ ದಾಖಲೆಗಳಲ್ಲಿ 66 ಮಂದಿಯ ಹೊಟ್ಟೆಯಲ್ಲಿದ್ದದ್ದು ಅರಿವಳಿಕೆಯ ನಡುವೆ ಶ್ವಾಸಕೋಶಕ್ಕೆ ಇಳಿದಿದ್ದನ್ನು ಅವನು ಕಂಡುಕೊಂಡ. ಗಟ್ಟಿ ಆಹಾರ ಉಸಿರಿನ ದಾರಿಯನ್ನೇ ಮುಚ್ಚಿಬಿಡುತ್ತದೆ. ದ್ರವವಾದರೆ ಅದರೊಳಗಿನ ಆಮ್ಲ ಶ್ವಾಸಕೋಶವನ್ನು ಸುಡುತ್ತದೆ. ಇದನ್ನು ಖಚಿತಪಡಿಸಿಕೊಳ್ಳಲು ಅವನು ಆರಿಸಿಕೊಂಡದ್ದು ಮೊಲಗಳನ್ನು. ವಾಂತಿ ಮಾಡಿಕೊಳ್ಳಲು ಬಾರದ ಪ್ರಾಣಿ ಮೊಲ. ಶಸ್ತ್ರಚಿಕಿತ್ಸೆಗೆ ಮುನ್ನ ಅದಕ್ಕೆ ಉಪವಾಸವೇ ಬೇಡ. ಬೇರೆಯವರ ವಾಂತಿಯ ಪಾಠ ಕಲಿಸಲು ಅದೇ ಬೇಕಾಯಿತು!

ಪ್ರಾಣಿಗಳು ಕೊಟ್ಟ ಪಾಠ ಇದೊಂದೇ ಅಲ್ಲ. ಹೈದರಾಬಾದಿನಲ್ಲಿ 1888 ಮತ್ತು 1889ರಲ್ಲಿ ರೆಸಿಡೆನ್ಸಿ ಸರ್ಜನ್ ಎಡ್ವರ್ಡ್ ಲಾರಿಯ ನೇತೃತ್ವದಲ್ಲಿ ಎರಡು ಕ್ಲೋರೋಫಾರ್ಮ್ ಆಯೋಗಗಳು ನಡೆದವು. ಹಣ ನಿಜಾಮರದು, ಪ್ರಾಣ ನಾಯಿಗಳದು. ಉಸಿರು ನಿಂತ ಮೇಲೆಯೇ ಹೃದಯ ನಿಲ್ಲುತ್ತದೆ, ಆದ್ದರಿಂದ ಉಸಿರನ್ನಷ್ಟೇ ಗಮನಿಸಿದರೆ ಸಾಕು ಎಂಬುದು ಲಾರಿಯ ತೀರ್ಮಾನ. ಅದು ಪೂರ್ತಿ ನಿಜವಲ್ಲವೆಂದು 1911ರಲ್ಲಿ ಇಂಗ್ಲೆಂಡಿನ ಗುಡ್‌ಮನ್ ಲೆವಿ ಬೆಕ್ಕುಗಳ ಮೇಲಿನ ಪ್ರಯೋಗದಿಂದ ತೋರಿಸಿದ. ಕ್ಲೋರೋಫಾರ್ಮ್ ಅರೆಬರೆ ಹತ್ತಿರುವಾಗ ರಕ್ತದಲ್ಲಿ ಅಡ್ರಿನಲಿನ್ ಏರಿದರೆ ಹೃದಯವೇ ಮೊದಲು ನಿಲ್ಲಬಹುದು. ಅಡ್ರಿನಲಿನ್ ಏರುವುದು ಗಾಬರಿಯಲ್ಲಿ. ಕ್ಲೋರೋಫಾರ್ಮಿನ ಕಾಲ ಮುಗಿಯಿತು. ಆದರೂ ಹೆದರಿ ಒದ್ದಾಡುವ ನಾಯಿಯನ್ನು ಅದುಮಿ ಹಿಡಿದು ಮಲಗಿಸದೆ, ಮೊದಲು ಒಂದು ಚುಚ್ಚುಮದ್ದಿನಿಂದ ಮಂಕು ಮಾಡಿ ಸ್ವಲ್ಪ ಹೊತ್ತು ಸದ್ದಿಲ್ಲದೆ ಬಿಡುವ ಕ್ರಮದ ಹಿಂದೆ ಇಂಥ ಅನುಭವವೇ ಇದೆ.

ನಮ್ಮ ಜಿಲ್ಲೆ 1956ರವರೆಗೆ ಮದರಾಸಿಗೆ ಸೇರಿತ್ತು. ಪಶುವೈದ್ಯ ಕಲಿಯುವವರಿಗೆ 1903ರಲ್ಲಿ ಆರಂಭವಾದ ಮದರಾಸು ಪಶುವೈದ್ಯ ಕಾಲೇಜೇ ಆಗ ಹತ್ತಿರದ್ದು. ಹೆಬ್ಬಾಳದ ಕಾಲೇಜು ಆರಂಭವಾದದ್ದು 1958ರಲ್ಲಿ. ಆಸ್ಪತ್ರೆಯ ಕೆಲಸವೆಲ್ಲ ದನ, ಎಮ್ಮೆಗಳ ಸುತ್ತ. ಜನರ ಬಾಯಲ್ಲಿ ಈಗಲೂ ಅವರು 'ದನದ ಡಾಕ್ಟ್ರು'. ಇಲ್ಲಿಯೇ ಒಂದು ತೊಡಕು ಹುಟ್ಟಿದೆ ಎಂದು ನನಗೆ ತೋರುತ್ತದೆ. ದನದ ಮೊದಲ ಹೊಟ್ಟೆಯಲ್ಲಿ ನೂರು ಲೀಟರಿಗೂ ಹೆಚ್ಚು ಹಿಡಿಯುತ್ತದೆ. ಎರಡು ದಿನ ಬೈಹುಲ್ಲು ತಪ್ಪಿಸಿದರೂ ಅದು ಬರಿದಾಗುವುದಿಲ್ಲ. ಪೂರ್ಣ ಅರಿವಳಿಕೆ ಕೊಟ್ಟು ಕೆಡವಿದರೆ ಹೊಟ್ಟೆ ಉಬ್ಬುತ್ತದೆ, ಮೆಲುಕಿನ ಮೇವು ಉಸಿರಿನ ದಾರಿಗೆ ಬರುತ್ತದೆ. ಆದ್ದರಿಂದ ತಂತಿ, ಮೊಳೆ ನುಂಗಿದ ದನವನ್ನು ನಿಂತ ಹಾಗೆಯೇ, ಎಡಪಕ್ಕೆಯನ್ನು ಮರಗಟ್ಟಿಸಿ ಕೊಯ್ಯುತ್ತಾರೆ. 1884ರಲ್ಲಿ ಕೊಕೇನ್‌ನಿಂದ ಕಣ್ಣನ್ನು ಮರಗಟ್ಟಿಸಬಹುದೆಂದು ವಿಯೆನ್ನಾದ ಕಾರ್ಲ್ ಕೋಲರ್ ತೋರಿಸಿದ್ದರಿಂದ ತೆರೆದ ದಾರಿಯಿದು. 1943ರಲ್ಲಿ ಸ್ವೀಡನ್ನಿನಲ್ಲಿ ತಯಾರಾದ ಲಿಗ್ನೋಕೇನ್ ಇದನ್ನು ಹಟ್ಟಿಯವರೆಗೆ ತಂದಿತು. ಅಂಥ ಶಸ್ತ್ರಚಿಕಿತ್ಸೆಯನ್ನು ಹಟ್ಟಿಯಲ್ಲೇ ಕಣ್ಣಾರೆ ಕಂಡವರಿಗೆ, ದನಕ್ಕಿಲ್ಲದ ಕಟ್ಟುನಿಟ್ಟು ನಾಯಿಗೇಕೆ ಎನಿಸಿದರೆ ಆಶ್ಚರ್ಯವಿಲ್ಲ. ದನ ಎಚ್ಚರವಿತ್ತು, ನಾಯಿ ಎಚ್ಚರವಿರುವುದಿಲ್ಲ. ವ್ಯತ್ಯಾಸ ಅಷ್ಟೇ, ಆದರೆ ಅದು ಜೀವದ ವ್ಯತ್ಯಾಸ.

ಗರ್ಭಕೋಶ ತೆಗೆಸುವುದಿರಲಿ, ಗಡ್ಡೆ ತೆಗೆಸುವುದಿರಲಿ, ಹಿಂದಿನ ರಾತ್ರಿ ನಾಯಿಯನ್ನು ಒಳಗೆ ಕಟ್ಟುವುದೇ ಲೇಸು. ನೆರೆಮನೆಯವರಿಗೂ ಒಂದು ಮಾತು ಹೇಳಿಡಬೇಕು. ಎಷ್ಟು ಗಂಟೆಯ ಉಪವಾಸ, ನೀರು ಯಾವಾಗ ತೆಗೆಯಬೇಕು ಎಂಬುದನ್ನು ವೈದ್ಯರೇ ಹೇಳಬೇಕು. ಇಡೀ ರಾತ್ರಿ, ಅದರ ಮೇಲೂ ಅರ್ಧ ದಿನ ಉಪವಾಸ ಕೆಡವಿದರೆ ಹೆಚ್ಚು ಕ್ಷೇಮ ಎಂಬ ನಂಬಿಕೆ ಈಗ ಸಡಿಲವಾಗಿದೆ. ಹೊಟ್ಟೆಯ ಆಮ್ಲ ಹೆಚ್ಚುವುದರಿಂದ ಆರೋಗ್ಯವಂತ ನಾಯಿಗೆ ನಾಲ್ಕಾರು ಗಂಟೆ ಸಾಕೆನ್ನುವವರಿದ್ದಾರೆ. ಎಳೆಯ ಮರಿಗಳನ್ನು ಬಹಳ ಹೊತ್ತು ಹಸಿದಿಡುವಂತೆಯೇ ಇಲ್ಲ, ರಕ್ತದ ಸಕ್ಕರೆ ಇಳಿದು ಬಳಲುತ್ತವೆ.

ಎಲ್ಲಕ್ಕಿಂತ ಕಷ್ಟದ್ದು ಬೆಳಿಗ್ಗೆ ಆಸ್ಪತ್ರೆಯ ಮೆಟ್ಟಿಲಲ್ಲಿ ಕೇಳುವ ಪ್ರಶ್ನೆ: ಏನಾದರೂ ತಿಂದಿದೆಯೇ? ಬಂಟ್ವಾಳದ ಒಳಭಾಗದಿಂದ ರಿಕ್ಷಾ ಮಾಡಿಕೊಂಡು, ಒಂದು ದಿನದ ಕೂಲಿ ಬಿಟ್ಟು ಬಂದವರಿಗೆ 'ಹೌದು' ಎನ್ನಲು ಬಾಯಿ ಬರುವುದಿಲ್ಲ. ಹೇಳಿದರೆ ಇನ್ನೊಂದು ದಿನ ಬನ್ನಿ ಎನ್ನುತ್ತಾರೆ. ಮನುಷ್ಯ ರೋಗಿಯಾದರೆ ಮನೆಯವರು ಮುಚ್ಚಿಟ್ಟದ್ದನ್ನು ತಾನೇ ಹೇಳಿಯಾನು. ನಾಯಿಯ ಪರವಾಗಿ ಆ ಹೊತ್ತಿನಲ್ಲಿ ಬಾಯಿ ಇರುವುದು ಅದರ ಸರಪಳಿ ಹಿಡಿದು ನಿಂತವರಿಗೆ ಮಾತ್ರ. ಬೆಳಗಿನ ಜಾವದ ದೋಸೆಯ ತುಂಡನ್ನು ಅವರು ಹೇಳಿದರೆ ವೈದ್ಯರು ದಿನ ಮುಂದೂಡುತ್ತಾರೆ, ತುರ್ತಿದ್ದರೆ ಉಸಿರಿನ ದಾರಿಯನ್ನು ಕಾಯುವ ಏರ್ಪಾಟು ಮಾಡಿಕೊಂಡೇ ಕೈಹಾಕುತ್ತಾರೆ.