ಕಾರಿನ ನೆತ್ತಿಯ ಮೇಲೊಂದು ಕಡ್ಡಿ

ಪೊಲೀಸ್ ಜೀಪಿನ ಮೇಲೆ ನಿಂತು ಗಾಳಿಗೆ ಓಲಾಡುವ ಉದ್ದನೆಯ ಕಡ್ಡಿಯನ್ನು ನೋಡದವರು ವಿರಳ. ಅದು ವೈರ್‌ಲೆಸ್ಸಿನ ಆಂಟೆನಾ ಎಂಬುದು ಮಕ್ಕಳಿಗೂ ಗೊತ್ತು. ಆದರೆ ಅದು ಕೆಲವು ವಾಹನಗಳಲ್ಲಿ ಬಂಪರಿನ ಮೂಲೆಯಲ್ಲೂ ಕೆಲವುಗಳಲ್ಲಿ ಚಾವಣಿಯ ನಟ್ಟನಡುವೆಯೂ ಇರುವುದೇಕೆ? ಕಡ್ಡಿಯೇನೋ ಕಡ್ಡಿಯೇ. ಆದರೆ ಅದನ್ನು ನೆಡಲು ಸರಿಯಾದ ಜಾಗ ಯಾವುದೆಂದು ಕಂಡುಕೊಳ್ಳುವುದಕ್ಕೆ ಎಂಜಿನಿಯರುಗಳಿಗೆ ನಾಲ್ಕು ದಶಕಗಳೇ ಹಿಡಿದವು.

ರೇಡಿಯೊ ಚಕ್ರದ ಮೇಲೆ ಹತ್ತಿದ್ದು ಅದು ಹುಟ್ಟಿದ ಕೆಲವೇ ವರ್ಷಗಳಲ್ಲಿ. 1901ರಲ್ಲಿ ಮಾರ್ಕೋನಿ ಥಾರ್ನಿಕ್ರಾಫ್ಟ್ ಕಂಪೆನಿಯ ಉಗಿಬಂಡಿಯೊಂದರಲ್ಲಿ ತನ್ನ ಉಪಕರಣಗಳನ್ನು ಜೋಡಿಸಿದ. ಬಂಡಿಯ ಮೇಲೆ ಲೋಹದ ಎತ್ತರದ ಕೊಳವೆಯೊಂದು ಆಂಟೆನಾ ಆಗಿ ನಿಂತಿತ್ತು. ಬಂಡಿ ಚಲಿಸುವಾಗ ಅದನ್ನು ಅಡ್ಡ ಮಲಗಿಸಬೇಕಿತ್ತು. ಕಾರ್ಖಾನೆಯ ಹೊಗೆಕೊಳವೆಯನ್ನು ಹೊತ್ತು ಸಾಗುವ ಈ ವಾಹನ ದಾರಿಹೋಕರಿಗೆ ತಮಾಷೆಯಾಗಿ ಕಂಡಿದ್ದರೆ ಆಶ್ಚರ್ಯವಿಲ್ಲ.

ಮಂಚ ಹೊತ್ತ ವ್ಯಾನು

ಮೊದಲ ಮಹಾಯುದ್ಧದ ನಂತರ ಕಳ್ಳರಿಗೂ ಕಾರುಗಳು ಸಿಕ್ಕವು. ಅವರನ್ನು ಬೆನ್ನಟ್ಟುವ ಪೊಲೀಸರಿಗೆ ಠಾಣೆಯ ಸಂಪರ್ಕ ಬೇಕಾಯಿತು. ಲಂಡನ್ನಿನ ಸ್ಕಾಟ್ಲೆಂಡ್ ಯಾರ್ಡ್ 1920ರ ದಶಕದ ಆರಂಭದಲ್ಲಿ ಕ್ರಾಸ್ಲಿ ವ್ಯಾನುಗಳಿಗೆ ವೈರ್‌ಲೆಸ್ ಅಳವಡಿಸಿತು. ಅವುಗಳ ಚಾವಣಿಯ ಮೇಲಿನ ಆಂಟೆನಾ ದೊಡ್ಡದೊಂದು ಚೌಕಟ್ಟು. ಬೇಡವೆಂದಾಗ ಮಡಿಚಿಡಬಹುದಿತ್ತು. ಎತ್ತಿ ನಿಲ್ಲಿಸಿದರೆ ಕಬ್ಬಿಣದ ಮಂಚದಂತೆಯೇ ಕಾಣುತ್ತಿದ್ದುದರಿಂದ ಜನ ಅದನ್ನು ‘ಮಂಚ’ ಎಂದೇ ಕರೆದರು. ಗುಟ್ಟಾಗಿ ಹಿಂಬಾಲಿಸಬೇಕಾದ ವ್ಯಾನು ತಲೆಯ ಮೇಲೆ ಮಂಚ ಹೊತ್ತು ಬಂದರೆ ಕಳ್ಳನಿಗೆ ಬೇರೆ ಎಚ್ಚರಿಕೆ ಬೇಕೆ? 1923ರಲ್ಲಿ ಆಸ್ಟ್ರೇಲಿಯಾದ ಮೆಲ್ಬರ್ನ್ ಪೊಲೀಸರೂ ಲಾನ್ಸಿಯಾ ಕಾರೊಂದಕ್ಕೆ ವೈರ್‌ಲೆಸ್ ಹಾಕಿಸಿದರು.

ಇಷ್ಟು ದೊಡ್ಡ ಆಂಟೆನಾ ಏಕೆ ಬೇಕಿತ್ತು? ಇದಕ್ಕೆ ಶಾಲೆಯ ಲೆಕ್ಕ ಸಾಕು. 300ನ್ನು ಮೆಗಾಹರ್ಟ್ಸ್‌ನಲ್ಲಿ ಹೇಳಿದ ಆವರ್ತನದಿಂದ ಭಾಗಿಸಿದರೆ ರೇಡಿಯೊ ಅಲೆಯ ಉದ್ದ ಮೀಟರುಗಳಲ್ಲಿ ಸಿಗುತ್ತದೆ. ನೆಟ್ಟಗೆ ನಿಲ್ಲಿಸುವ ಸರಳ ಆಂಟೆನಾ ಆ ಅಲೆಯ ಕಾಲುಭಾಗದಷ್ಟು ಉದ್ದವಿದ್ದರೆ ಚೆನ್ನಾಗಿ ಕೆಲಸ ಮಾಡುತ್ತದೆ. 1930ರ ಆಸುಪಾಸಿನಲ್ಲಿ ಅಮೆರಿಕದ ಪೊಲೀಸ್ ನಿಲಯಗಳು ಬಳಸುತ್ತಿದ್ದ 2.4 ಮೆಗಾಹರ್ಟ್ಸ್‌ಗೆ ಈ ಲೆಕ್ಕ ಹಾಕಿ ನೋಡಿ. ಬೇಕಾಗುವ ಕಡ್ಡಿಯ ಉದ್ದ 31 ಮೀಟರ್! ತೆಂಗಿನ ಮರಕ್ಕಿಂತ ಎತ್ತರದ ಕಂಬವನ್ನು ಕಾರಿನ ಮೇಲೆ ನೆಡುವುದು ಸಾಧ್ಯವೆ?

ಕಿವಿ ಉಂಟು, ಬಾಯಿ ಇಲ್ಲ

ಅಮೆರಿಕದ ಡೆಟ್ರಾಯಿಟ್ ಪೊಲೀಸರು ಅರ್ಧ ದಾರಿ ಸವೆಸಿದರು. ಅವರ ಮೊದಲ ನಿಲಯಕ್ಕೆ ಮನರಂಜನಾ ಕೇಂದ್ರವೆಂದು ಪರವಾನಗಿ ಸಿಕ್ಕಿತ್ತು. ಹೀಗಾಗಿ ಕಳವಾದ ಕಾರಿನ ಸುದ್ದಿಯ ಜೊತೆಗೆ ಸಂಗೀತವನ್ನೂ ಕೇಳಿಸಬೇಕಿತ್ತು. ವರ್ಷಗಟ್ಟಲೆ ಪ್ರಯೋಗ ನಡೆದ ಮೇಲೆ 1928ರ ಏಪ್ರಿಲ್ 7ರಂದು ಗಸ್ತು ಕಾರುಗಳಿಗಾಗಿಯೇ ಮೀಸಲಾದ ನಿಲಯ ಅಲ್ಲಿ ನಿಯಮಿತವಾಗಿ ಕೆಲಸ ಆರಂಭಿಸಿತು.

ಆದರೆ ಅದು ಒಮ್ಮುಖ ಸಂಪರ್ಕ. ಠಾಣೆಯವರು ಹೇಳುತ್ತಿದ್ದರು, ಕಾರಿನವರು ಕೇಳುತ್ತಿದ್ದರು. ಕೇಳಿಸಿತೋ ಇಲ್ಲವೋ ಎಂದು ತಿಳಿಸಬೇಕಾದರೆ ಕಾರಿನವರು ಟೆಲಿಫೋನ್ ಹುಡುಕಿಕೊಂಡು ಹೋಗಬೇಕು. ಕತ್ತಲ ಓಣಿಯಲ್ಲಿ ಶಸ್ತ್ರಧಾರಿ ದರೋಡೆಕೋರನಿಗೆ ಎದುರಾದ ಇಬ್ಬರು ಪೇದೆಗಳಿಗೆ ಸಹಾಯ ಬೇಕಾದರೂ ಅಷ್ಟೇ.

ಆಂಟೆನಾದ ನಿಜವಾದ ಮಹತ್ವ ಇರುವುದು ಇಲ್ಲೇ. ಠಾಣೆಯ ಟ್ರಾನ್ಸ್‌ಮಿಟರಿಗೆ ಶಕ್ತಿ ಧಾರಾಳ, ಅದರ ಆಂಟೆನಾಕ್ಕೆ ಎತ್ತರದ ಕಂಬವೂ ಉಂಟು. ಹೀಗಾಗಿ ಅದರ ಮಾತು ಕೇಳಲು ಕಾರಿನಲ್ಲಿ ಯಾವುದೋ ಒಂದು ತಂತಿ ಸಾಕು. ಆದರೆ ಬ್ಯಾಟರಿಯನ್ನೇ ನಂಬಿದ ಕಾರು ಮರುಮಾತಾಡಬೇಕಾದರೆ ಅದರ ಅಲ್ಪ ಶಕ್ತಿಯಲ್ಲಿ ಒಂದು ಗುಲಗಂಜಿಯಷ್ಟೂ ಪೋಲಾಗುವಂತಿಲ್ಲ. ಕೇಳುವುದಕ್ಕಿಂತ ಕೇಳಿಸುವುದೇ ಕಷ್ಟ.

ತಗಡು ತಂದ ತೊಡಕು

ಆ ಕಾಲದ ಮುಚ್ಚಿದ ಕಾರುಗಳ ಚಾವಣಿ ಪೂರ್ತಿ ಉಕ್ಕಿನದಾಗಿರಲಿಲ್ಲ. ಅಷ್ಟು ಅಗಲದ ತಗಡನ್ನು ಒಂದೇ ಏಟಿಗೆ ಅಚ್ಚೊತ್ತುವುದು ಕಷ್ಟವಾದ್ದರಿಂದ ನಡುವೆ ಮರದ ಪಟ್ಟಿಗಳಿಟ್ಟು ಮೇಲೆ ಬಟ್ಟೆ ಹೊದಿಸುತ್ತಿದ್ದರು. ರೇಡಿಯೊದವರಿಗೆ ಇದು ವರವಾಯಿತು. ಕೋಳಿಗೂಡಿಗೆ ಬಳಸುವ ತಂತಿಜಾಲರಿಯನ್ನು ಆ ಬಟ್ಟೆಯ ಒಳಗೆ ಹಾಸಿದರೆ ಹೊರಗಿನವರ ಕಣ್ಣಿಗೆ ಬೀಳದ ಆಂಟೆನಾ ಸಿದ್ಧ.

ಈ ಸುಖ ಹೆಚ್ಚು ಕಾಲ ಉಳಿಯಲಿಲ್ಲ. 1935ರ ಮಾದರಿಗಳಲ್ಲಿ ಜನರಲ್ ಮೋಟಾರ್ಸ್ ಇಡಿಯಾಗಿ ಉಕ್ಕಿನ ಚಾವಣಿಯನ್ನು ತಂದಿತು. ಮಳೆಗೆ ಸೋರದ, ಕಾರು ಮಗುಚಿದರೂ ತಲೆ ಕಾಯುವ ಈ ಚಾವಣಿ ಪ್ರಯಾಣಿಕರಿಗೆ ಒಳ್ಳೆಯದೇ. ಆಂಟೆನಾಕ್ಕೆ ಮಾತ್ರ ಮುಳುವಾಯಿತು. ತಗಡಿನ ಕೆಳಗೆ ಜಾಲರಿ ಹಾಸಿದರೆ ಅಲೆಗಳು ಒಳಬರಲಾರವು. ಆಂಟೆನಾಗಳು ಚಾವಣಿ ಬಿಟ್ಟಿಳಿದು ಕಾರಿನ ಹೊಟ್ಟೆಯಡಿ, ಕಾಲಿಡುವ ಪಟ್ಟಿಯಡಿ ಸೇರಿಕೊಂಡವು. ಅಲ್ಲಿ ಕೆಸರು, ಕಲ್ಲು, ನೀರಿನ ಕಾಟ.

ಶತ್ರುವೇ ಮಿತ್ರನಾದ

ಪರಿಹಾರ ಬಂದದ್ದು ಇನ್ನೊಂದು ದಿಕ್ಕಿನಿಂದ. 1933ರಲ್ಲಿ ನ್ಯೂಜೆರ್ಸಿಯ ಬೇಯಾನ್ ಪಟ್ಟಣದ ಪೊಲೀಸರು ಕಾರಿನಿಂದಲೂ ಮಾತಾಡಬಲ್ಲ ದ್ವಿಮುಖ ರೇಡಿಯೊವನ್ನು ಬಳಕೆಗೆ ತಂದರು. ಅದಕ್ಕೆ ಆರಿಸಿಕೊಂಡದ್ದು 30 ಮೆಗಾಹರ್ಟ್ಸ್ ಮೀರಿದ ಆವರ್ತನ. ಆವರ್ತನ ಏರಿದರೆ ಅಲೆ ಗಿಡ್ಡ, ಅಲೆ ಗಿಡ್ಡವಾದರೆ ಕಡ್ಡಿಯೂ ಗಿಡ್ಡ. 1940ರಲ್ಲಿ ಪ್ರಾಧ್ಯಾಪಕ ಡೇನಿಯಲ್ ನೋಬಲ್ ಕನೆಕ್ಟಿಕಟ್ ರಾಜ್ಯದ ಪೊಲೀಸರಿಗಾಗಿ ಎಡ್ವಿನ್ ಆರ್ಮ್‌ಸ್ಟ್ರಾಂಗರ ಎಫ್‌ಎಂ ತಂತ್ರವನ್ನು ಬಳಸಿದ ದ್ವಿಮುಖ ವ್ಯವಸ್ಥೆ ರೂಪಿಸಿದರು. ಎಂಜಿನ್ನಿನ ಕಿಡಿಯಿಂದ ಏಳುವ ಗೊರಗೊರ ಸದ್ದು ಇದರಿಂದ ಬಹುಮಟ್ಟಿಗೆ ಅಡಗಿತು.

ಆದರೂ 40 ಮೆಗಾಹರ್ಟ್ಸ್‌ಗೆ ಕಡ್ಡಿಯ ಉದ್ದ ಸುಮಾರು 1.9 ಮೀಟರ್. ಚಾವಣಿಯ ಮೇಲೆ ನಿಲ್ಲಿಸಿದರೆ ಮರದ ಕೊಂಬೆಗೂ ಶೆಡ್ಡಿನ ಬಾಗಿಲಿಗೂ ತಾಗುತ್ತದೆ. ಬುಡಕ್ಕೆ ಸ್ಪ್ರಿಂಗ್ ಕಟ್ಟಿ ಬಂಪರಿನಲ್ಲಿ ನಿಲ್ಲಿಸುವ ರೂಢಿ ಬಂದದ್ದು ಇದರಿಂದಲೇ. ಬಂಪರಿನಲ್ಲಿ ಒಂದು ದೋಷವಿದೆ. ಕಾರಿನ ಮೈ ಆಂಟೆನಾದ ಒಂದೇ ಪಕ್ಕಕ್ಕೆ ಇರುವುದರಿಂದ ಮಾತು ಒಂದು ದಿಕ್ಕಿಗೆ ಚೆನ್ನಾಗಿ, ಇನ್ನೊಂದಕ್ಕೆ ಕ್ಷೀಣವಾಗಿ ಹೋಗುತ್ತದೆ. ಕಾರು ತಿರುವಿನಲ್ಲಿ ಹೊರಳಿದರೆ ದನಿಯೂ ಹೊರಳುತ್ತದೆ.

1946ರ ಜೂನ್ 17ರಂದು ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿ ಕಾರು ಟೆಲಿಫೋನ್ ಸೇವೆ ಆರಂಭವಾದಾಗ ಬಳಸಿದ್ದು 150 ಮೆಗಾಹರ್ಟ್ಸ್ ಪಟ್ಟಿ. ಈಗ ಲೆಕ್ಕ ಹಾಕಿ: ಕಡ್ಡಿ ಬರೀ ಅರ್ಧ ಮೀಟರ್! ಕಾಲು ಅಲೆಯ ಕಡ್ಡಿ ಒಂಟಿಯಾಗಿ ದುಡಿಯುವುದಿಲ್ಲ. ಅದರ ಬುಡದ ಸುತ್ತ ಕನ್ನಡಿಯಂತೆ ವರ್ತಿಸುವ ಲೋಹದ ನೆಲ ಬೇಕು. ಕನ್ನಡಿಯಲ್ಲಿ ಮೂಡುವ ಬಿಂಬವೇ ಆಂಟೆನಾದ ಇನ್ನರ್ಧ. ಆ ನೆಲವೂ ಸುತ್ತ ಕಾಲು ಅಲೆಯಷ್ಟು, ಎಂದರೆ ಅರ್ಧ ಮೀಟರ್, ಹರಡಿರಬೇಕು. ಕಾರಿನ ಚಾವಣಿಯ ಅಗಲ ಒಂದು ಮೀಟರಿಗೆ ತುಸು ಹೆಚ್ಚು. ನಟ್ಟನಡುವೆ ನೆಟ್ಟರೆ ಅಳತೆ ತೆಗೆದು ಹೊಲಿಸಿದಂತೆ ಕೂರುತ್ತದೆ. ಹಿಂದೆ ಆಂಟೆನಾವನ್ನು ಓಡಿಸಿದ್ದ ಉಕ್ಕಿನ ತಗಡೇ ಈಗ ಆಂಟೆನಾದ ಅರ್ಧಭಾಗವಾಯಿತು. ಒಳಗೆ ಕುಳಿತವರಿಗೆ ರೇಡಿಯೊ ವಿಕಿರಣ ಹೆಚ್ಚು ತಾಗದಂತೆ ತಡೆಯುವ ಗುರಾಣಿಯೂ ಅದೇ.

ರಂಧ್ರವೋ, ಅಯಸ್ಕಾಂತವೋ?

ಭಾರತದಲ್ಲಿ ಪೊಲೀಸ್ ವೈರ್‌ಲೆಸ್ಸಿಗೆ ಕೇಂದ್ರದ ಸಂಸ್ಥೆಯೊಂದು ರೂಪುಗೊಂಡದ್ದೂ 1946ರಲ್ಲೇ. 1954ರಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಯಾದ ಭಾರತ್ ಎಲೆಕ್ಟ್ರಾನಿಕ್ಸ್ ಸೇನೆಗೆ ಬೇಕಾದ ಸಂಪರ್ಕ ಉಪಕರಣಗಳನ್ನು ಇಲ್ಲೇ ತಯಾರಿಸತೊಡಗಿತು. ಯಾವ ದೇಶದ ಸೆಟ್ಟಾದರೂ ಸರಿ, ಕೂರಿಸುವವನ ಕೈಗುಣದ ಮೇಲೆ ಅದರ ಫಲ ನಿಂತಿದೆ.

ಕಾಯಂ ಆಂಟೆನಾ ಹಾಕಬೇಕಾದರೆ ಒಳಚಾವಣಿಯ ಬಟ್ಟೆ ಇಳಿಸಿ, ನಡುವೆ ರಂಧ್ರ ಕೊರೆಯಬೇಕು. ಹೆಚ್ಚು ಬಳಕೆಯಲ್ಲಿರುವ ಬುಡಕ್ಕೆ ಮುಕ್ಕಾಲು ಇಂಚಿನ ರಂಧ್ರ. ತಗಡಿನ ಒಳಮೈಯಲ್ಲಿ ರಂಧ್ರದ ಸುತ್ತಲಿನ ಬಣ್ಣವನ್ನು ಕೆರೆದು ಹೊಳೆಯುವಂತೆ ಮಾಡಬೇಕು. ಬಣ್ಣ ಉಳಿದರೆ ಲೋಹಕ್ಕೆ ಲೋಹ ತಾಗುವುದಿಲ್ಲ, ಕನ್ನಡಿ ಕೆಲಸ ಮಾಡುವುದಿಲ್ಲ. ಮೇಲೆ ರಬ್ಬರ್ ವಾಷರ್ ಸರಿಯಾಗಿ ಕೂರದಿದ್ದರೆ ಮೊದಲ ಮಳೆಗೇ ನೀರು ಇಳಿದು ತುಕ್ಕು ಶುರುವಾಗುತ್ತದೆ. ಕೆಂಪು-ನೀಲಿ ದೀಪದ ಪಟ್ಟಿಯ ಪಕ್ಕಕ್ಕೇ ಕಡ್ಡಿ ನೆಟ್ಟರೆ ಆ ಪಟ್ಟಿಯೇ ಅಲೆಗಳಿಗೆ ಅಡ್ಡಿ. ಈಗಿನ ಕಾರುಗಳಲ್ಲಿ ಚಾವಣಿಯ ಅಂಚಿನ ಗುಂಟ ಏರ್‌ಬ್ಯಾಗ್ ಇರುವುದರಿಂದ ಕೇಬಲನ್ನು ಅದರ ದಾರಿಗೆ ಅಡ್ಡವಾಗಿ ಎಳೆಯುವಂತಿಲ್ಲ. ಎಲ್ಲ ಮುಗಿದ ಮೇಲೆ, ಕಳಿಸಿದ ಶಕ್ತಿಯಲ್ಲಿ ಎಷ್ಟು ಹಿಂದಿರುಗುತ್ತಿದೆ ಎಂದು ಮೀಟರಿನಲ್ಲಿ ನೋಡಿ ಕಡ್ಡಿಯನ್ನು ಚೂರುಚೂರೇ ಕತ್ತರಿಸಿ ಅಳತೆಗೆ ತರಬೇಕು.

ಹೊಸ ಕಾರಿಗೆ ತೂತು ಕೊರೆಯಲು ಯಾರಿಗೆ ತಾನೆ ಮನಸ್ಸು ಬರುತ್ತದೆ? ಅಯಸ್ಕಾಂತದ ಬುಡಗಳು ಹುಟ್ಟಿದ್ದು ಅಂಥವರಿಗಾಗಿ. 150 ಮೆಗಾಹರ್ಟ್ಸ್‌ನಂಥ ಆವರ್ತನಗಳಲ್ಲಿ ಬಣ್ಣದ ತೆಳು ಪದರವನ್ನು ದಾಟಿ ತಗಡಿನ ಜೊತೆ ಸಂಬಂಧ ಬೆಳೆಸಲು ಅವು ಶಕ್ತ. ಆದರೆ ವೇಗ ಹೆಚ್ಚಿ ಕೊಂಬೆ ತಾಗಿದರೆ ಕಿತ್ತು ಬೀಳಬಹುದು. ದಿನವಿಡೀ ಗಸ್ತು ತಿರುಗುವ ವಾಹನಕ್ಕೆ ರಂಧ್ರವೇ ಭದ್ರ.

ಈ ಕತೆ ಇನ್ನೂ ಮುಗಿದಿಲ್ಲ. ಗಾಜಿನ ಚಾವಣಿಯ ಕಾರುಗಳು, ಫೈಬರ್ ಮೈಯ ಆಂಬುಲೆನ್ಸುಗಳು ಬಂದಿವೆ. ಅಲ್ಲಿ ಕನ್ನಡಿಯೇ ಇಲ್ಲ. ಕಡ್ಡಿಯ ಬುಡಕ್ಕೆ ಲೋಹದ ಹಾಳೆಯೊಂದನ್ನು ಬೇರೆಯಾಗಿ ಅಂಟಿಸಬೇಕು, ಇಲ್ಲವೇ ಲೋಹದ ನೆಲವನ್ನು ನೆಚ್ಚದ ಬೇರೆ ಬಗೆಯ ಆಂಟೆನಾ ತರಬೇಕು. ಇದನ್ನು ಮರೆತು ಕಡ್ಡಿಯನ್ನಷ್ಟೇ ಅಂಟಿಸಿದ ಆಂಬುಲೆನ್ಸಿನವನಿಗೆ ನಿಯಂತ್ರಣ ಕೊಠಡಿಯ ಮಾತು ಸ್ಪಷ್ಟವಾಗಿ ಕೇಳುತ್ತಲೇ ಇರಬಹುದು. ಅವನ ಮಾತು ಅಲ್ಲಿಗೆ ಮುಟ್ಟದಿದ್ದರೆ 1928ರ ಡೆಟ್ರಾಯಿಟ್ ಪೇದೆಗೂ ಅವನಿಗೂ ವ್ಯತ್ಯಾಸವಿಲ್ಲ.