ರುಜು ಮಾತ್ರ ನಮ್ಮ ಲಿಪಿಯಲ್ಲಿ: ವಸ್ತ್ರಾಪುರದಿಂದ ಖಂಭಾತ್ ಕೊಲ್ಲಿಯ ಕಡೆಗೆ ಮೂರು ಪ್ರವಾಸ

ಇದು ಈ ವಾರದ ಮಾತಿನ ಬರಹರೂಪ. ಓದೋದಕ್ಕೆ ಅನುಕೂಲ ಆಗಲಿ ಅಂತ ಅಲ್ಲಲ್ಲಿ ತಿದ್ದಿದ್ದೇನೆ, ಅಷ್ಟೇ.

ವಸ್ತ್ರಾಪುರ, ಬೋಡಕ್‌ದೇವ್, ಎಸ್.ಜಿ. ಹೈವೇ ಕಡೆ ಇರೋ ನಮ್ಮ ಕನ್ನಡದವರು ನನ್ನನ್ನ ಎರಡು ಪ್ರಶ್ನೆ ಕೇಳ್ತಾನೇ ಇರ್ತಾರೆ. ಒಂದು: "ಶನಿವಾರ ಬೆಳಿಗ್ಗೆ ಹೊರಟು ರಾತ್ರಿ ವಾಪಸ್ ಬರೋ ಹಾಗೆ ಸಮುದ್ರದ ಕಡೆ ನೋಡೋಕೆ ಏನಿದೆ?" ಇನ್ನೊಂದು: "ಗುಜರಾತ್ ಒಂದು ಕಾಲಕ್ಕೆ ನಮ್ಮ ಕನ್ನಡ ದೊರೆಗಳದ್ದೇ ಆಗಿತ್ತಂತೆ, ಹೌದಾ?" ಎರಡಕ್ಕೂ ಉತ್ತರ ಒಂದೇ ದಾರಿಯಲ್ಲಿ ಸಿಗುತ್ತೆ. ಹಾಗಾಗಿ ಇವತ್ತು ಎರಡನ್ನೂ ಸೇರಿಸಿ ಹೇಳ್ತೀನಿ.

ಮೊದಲೇ ಒಂದು ಮಾತು. ಆಫೀಸಿನ ಗೆಳೆಯರು ಗ್ರೀಸ್‌ಗೆ ಹೋಗಿ ಹಾಕಿರೋ ಫೋಟೋ ನೋಡಿ, ಇಲ್ಲೂ ಆ ಥರ ನೀಲಿ ನೀರು, ಬಿಳಿ ಮನೆ ಇರುತ್ತೆ ಅಂದ್ಕೊಂಡು ಹೋಗಬೇಡಿ. ಖಂಭಾತ್ ಕೊಲ್ಲಿಯ ನೀರು ಕೆಸರಿನ ಬಣ್ಣದ್ದು. ಸಾಬರಮತಿ, ಮಹಿ, ನರ್ಮದಾ, ತಾಪಿ ಎಲ್ಲಾ ಹೂಳು ತಂದು ಸುರಿಯೋದು ಇಲ್ಲಿಗೇ. ಭರತ ಇಳಿತದ ಅಂತರ ಕೆಲವು ಕಡೆ 10 ಮೀಟರ್ ಮುಟ್ಟುತ್ತೆ; ನಮ್ಮ ದೇಶದಲ್ಲಿ ಇಷ್ಟು ಏರಿಳಿತ ಇರೋ ಕರಾವಳಿ ಬೇರೆ ಇಲ್ಲ. ಆದರೆ ಅದೇ ಗ್ರೀಕ್ ಭಾಷೆಯ ವ್ಯಾಪಾರಿಗಳು ಸುಮಾರು 2000 ವರ್ಷದ ಹಿಂದೆ ಮುಗಿಬಿದ್ದು ಬಂದಿದ್ದು ಈ ಕೆಸರಿಗೇ.

ಮೊದಲನೇ ಪ್ರವಾಸ: ಲೋಥಲ್

ವಸ್ತ್ರಾಪುರದಿಂದ ಸುಮಾರು 80 ಕಿಲೋಮೀಟರ್, ಬಾವ್ಳಾ, ಬಗೋದರಾ ದಾರಿ. ಸರಗ್‌ವಾಲಾ ಅನ್ನೋ ಹಳ್ಳಿಯ ಪಕ್ಕ. ಅಲ್ಲಿರೋದು ಸಿಂಧೂ ನಾಗರಿಕತೆಯ ಊರು, 4000 ವರ್ಷಕ್ಕಿಂತ ಹಳೇದು. ಇದನ್ನ 1954ರಲ್ಲಿ ಪತ್ತೆ ಮಾಡಿ, ಮುಂದಿನ ವರ್ಷದಿಂದ ಉತ್ಖನನ ನಡೆಸಿದವರು ಎಸ್. ಆರ್. ರಾವ್. ಪೂರ್ತಿ ಹೆಸರು ಶಿಕಾರಿಪುರ ರಂಗನಾಥ ರಾವ್. ನಮ್ಮ ಶಿವಮೊಗ್ಗದ ಕಡೆಯವರು, ಮೈಸೂರು ವಿಶ್ವವಿದ್ಯಾಲಯದಲ್ಲಿ ಓದಿದವರು. ಕೆಲಸ ಹುಡುಕಿಕೊಂಡು ಗುಜರಾತಿಗೆ ಬಂದ ಕನ್ನಡಿಗರಲ್ಲಿ ನಮಗಿಂತ ಬಹಳ ಮುಂಚಿನವರು.

ಅಲ್ಲಿ ನೋಡಬೇಕಾದ್ದು ಇಟ್ಟಿಗೆ ಕಟ್ಟಿದ ಒಂದು ದೊಡ್ಡ ತೊಟ್ಟಿ. ಉದ್ದ 200 ಮೀಟರ್‌ಗೂ ಜಾಸ್ತಿ, ಅಗಲ ಸುಮಾರು 36. ಇದು ಹಡಗುಕಟ್ಟೆ ಅಂತ ರಾವ್ ಹೇಳಿದ್ರು. ಅಲ್ಲ, ನೀರಾವರಿ ಕೆರೆ ಅಂತ 1960ರ ದಶಕದಲ್ಲೇ ಬೇರೆ ವಿದ್ವಾಂಸರು ತಕರಾರು ತೆಗೆದ್ರು. "ಇಲ್ಲಿ ನದಿ ಎಲ್ಲಿದೆ?" ಅನ್ನೋದೇ ಆ ಜಗಳದ ಮುಖ್ಯ ಪ್ರಶ್ನೆ. 2024ರಲ್ಲಿ ಐಐಟಿ ಗಾಂಧಿನಗರದವರು ಉಪಗ್ರಹ ಚಿತ್ರಗಳನ್ನ ನೋಡಿ, ಸಾಬರಮತಿ ಆಗ ಲೋಥಲ್ ಪಕ್ಕದಲ್ಲೇ ಹರೀತಿತ್ತು ಅಂದ್ರು. ರಾವ್ ಮಾತಿಗೆ ಇದರಿಂದ ಬಲ ಬಂತು. ಆಮೇಲೆ ನದಿ ದಾರಿ ಬದಲಿಸಿತು, ಊರು ಒಣಗಿತು.

ಎರಡನೇ ಪ್ರವಾಸ: ಭರೂಚ್

ಇದು ಸ್ವಲ್ಪ ದೂರ, 190 ಕಿಲೋಮೀಟರ್ ಆಸುಪಾಸು. ವಡೋದರಾ ದಾಟಿ ನರ್ಮದೆಯ ದಡಕ್ಕೆ ಹೋಗಬೇಕು. ಹಳೇ ಊರು ದಿಬ್ಬದ ಮೇಲಿದೆ. 1881ರ ಗೋಲ್ಡನ್ ಬ್ರಿಜ್ ಇದೆ. ಖಾರಿ ಸಿಂಗ್, ಅಂದ್ರೆ ಉಪ್ಪು ಹಾಕಿ ಹುರಿದ ಕಡಲೇಕಾಯಿ, ಇಲ್ಲಿನದೇ ತಗೊಳ್ಳಿ.

ಗ್ರೀಕರು ಈ ಊರನ್ನ ಬರಿಗಾಜಾ ಅಂತಿದ್ರು, ಭರುಕಚ್ಛದ ಅಪಭ್ರಂಶ. ಕ್ರಿ.ಶ. ಒಂದನೇ ಶತಮಾನದಲ್ಲಿ ಈಜಿಪ್ಟಿನಲ್ಲಿದ್ದ ಹೆಸರು ಗೊತ್ತಿಲ್ಲದ ಒಬ್ಬ ವ್ಯಾಪಾರಿ ಗ್ರೀಕಿನಲ್ಲಿ ಒಂದು ಕೈಪಿಡಿ ಬರೆದ: 'ಪೆರಿಪ್ಲಸ್ ಆಫ್ ದಿ ಎರಿಥ್ರಿಯನ್ ಸೀ'. ಜುಲೈನಲ್ಲಿ ಈಜಿಪ್ಟ್ ಬಿಡಬೇಕು, ಯಾವ ಬಂದರಲ್ಲಿ ಯಾವ ಮಾಲು ಓಡುತ್ತೆ, ಎಲ್ಲಾ ಇದೆ. ಬರಿಗಾಜಾಕ್ಕೆ ತರೋದು ಇಟಲಿಯ ದ್ರಾಕ್ಷಾರಸ, ತಾಮ್ರ, ತವರ, ಸೀಸ, ಹವಳ. ಒಯ್ಯೋದು ದಂತ, ಹತ್ತಿ ಬಟ್ಟೆ, ಅಕೀಕ್ ಕಲ್ಲು, ಹಿಪ್ಪಲಿ. ಪೈಠಣದಿಂದ 20 ದಿನ ಗಾಡಿ ಹೊಡೆದು ದಖ್ಖನ್ನಿನ ಮಾಲು ಇಲ್ಲಿಗೆ ಬರ್ತಿತ್ತು. ಇಂಡೋ ಗ್ರೀಕ್ ದೊರೆಗಳಾದ ಅಪೊಲ್ಲೊಡೊಟಸ್, ಮೆನಾಂಡರ್ ಇವರ ಹಳೇ ನಾಣ್ಯ ಆಗಲೂ ಊರಲ್ಲಿ ಚಲಾವಣೆಯಲ್ಲಿತ್ತಂತೆ.

ನನಗೆ ಅದರಲ್ಲಿ ಎಲ್ಲಕ್ಕಿಂತ ಹಿಡಿಸಿದ್ದು ಬೇರೆ ಒಂದು ಭಾಗ. ಆ ವ್ಯಾಪಾರಿ ಈ ಕೊಲ್ಲಿಗೆ ಹೆದರಿಕೊಂಡು ಬರೀತಾನೆ. ನೀರು ಒಮ್ಮೆಲೇ ನುಗ್ಗುತ್ತೆ, ಒಮ್ಮೆಲೇ ಇಳಿಯುತ್ತೆ, ಗೊತ್ತಿಲ್ಲದವರ ಹಡಗು ಮರಳದಿಬ್ಬಕ್ಕೆ ಬಡಿದು ಮಗುಚುತ್ತೆ. ಅದಕ್ಕೇ ರಾಜ ಇಲ್ಲಿನ ಬೆಸ್ತರನ್ನ ಕೆಲಸಕ್ಕೆ ಇಟ್ಟಿದ್ದ. ಅವರು ಟ್ರಪ್ಪಗ, ಕೊಟಿಂಬ ಅನ್ನೋ ದೋಣಿ ತಗೊಂಡು ಸೌರಾಷ್ಟ್ರದ ತನಕ ಹೋಗಿ, ಬರೋ ಹಡಗನ್ನ ಎದುರುಗೊಂಡು, ಭರತ ಬಂದಾಗ ಎಳೆದು, ಇಳಿದಾಗ ಲಂಗರು ಹಾಕಿಸಿ ಊರು ಮುಟ್ಟಿಸ್ತಿದ್ರು. ರೋಮ್ ಸಾಮ್ರಾಜ್ಯದ ಹಡಗೇ ಇರಲಿ, ಚುಕ್ಕಾಣಿ ವಿಷಯದಲ್ಲಿ ಇಲ್ಲಿನ ಬೆಸ್ತ ಹೇಳಿದ ಹಾಗೆ ಕೇಳಬೇಕಿತ್ತು.

ವಾಪಸ್ ಬರುವಾಗ ವಡೋದರಾದ ಬಡಾವಣೆ ಅಕೋಟಾ ಕಡೆ ಹೋಗಿ ಬನ್ನಿ. ಅಲ್ಲಿ ನೆಲ ಅಗೆದಾಗ ಗ್ರೀಕರ ಪ್ರೇಮದೇವತೆ ಈರಾಸ್‌ನ ಚಿತ್ರ ಇರೋ ಒಂದು ಕಂಚಿನ ಹಿಡಿ ಸಿಕ್ಕಿತ್ತು. ಅಕೋಟಾದ ಹಳೇ ಹೆಸರು ಅಂಕೋಟ್ಟಕ. ಈ ಹೆಸರು ನೆನಪಿಟ್ಕೊಳ್ಳಿ, ಮುಂದೆ ಬೇಕಾಗುತ್ತೆ.

ಮೂರನೇ ಪ್ರವಾಸ: ಖಂಭಾತ್

ನೂರು ಕಿಲೋಮೀಟರ್ ಒಳಗೇ ಸಿಗೋ ಊರು. 1325ರ ಜಾಮಾ ಮಸೀದಿ ನೋಡಿ. ಅಕೀಕ್ ಕಲ್ಲನ್ನ ಸುಟ್ಟು, ಉಜ್ಜಿ ಮಣಿ ಮಾಡೋರು ಈಗಲೂ ಇದ್ದಾರೆ. ಲೋಥಲ್ ಮ್ಯೂಸಿಯಂನಲ್ಲಿ ಕಂಡ ಕೆಂಪು ಮಣಿಗಳ ಅದೇ ಕಸುಬು. ಸುತರ್‌ಫೇಣಿ, ಹಲ್ವಾಸನ್ ತಿನ್ನದೆ ಬರಬೇಡಿ. ಬಂದರು ಮಾತ್ರ ಹುಡುಕಬೇಡಿ. ಹೂಳು ತುಂಬಿ ಹಡಗು ಬರೋದು ನಿಂತು, ವ್ಯಾಪಾರ ಸೂರತ್‌ಗೆ ಹೋಯ್ತು. ಗ್ರೀಸ್‌ನಲ್ಲೂ ಹೀಗೇ: 300 ಜನ ಸ್ಪಾರ್ಟನ್ನರು ನಿಂತು ಕಾದಾಡಿದ ಥರ್ಮೊಪಿಲೆ ಕಣಿವೆ ಆಗ ಸಮುದ್ರಕ್ಕೆ ಅಂಟಿಕೊಂಡಿತ್ತು. ಈಗ ನದಿಯ ಹೂಳಿನಿಂದ ಕಡಲು ಕಿಲೋಮೀಟರ್‌ಗಟ್ಟಲೆ ಆಚೆ ಸರಿದಿದೆ.

ಅರಬ್ ಪ್ರವಾಸಿ ಅಲ್ ಮಸೂದಿ 10ನೇ ಶತಮಾನದ ಆರಂಭದಲ್ಲಿ ಖಂಭಾತ್‌ಗೆ ಬಂದಿದ್ದ. ಅವನೂ ಭರತ ಇಳಿತದ ಬಗ್ಗೆ ಬೆರಗಾಗಿ ಬರೀತಾನೆ, ಊರಿನ ಚಪ್ಪಲಿಯನ್ನ ಹೊಗಳ್ತಾನೆ. ಆಮೇಲೆ ಹೇಳ್ತಾನೆ: ಈ ಊರನ್ನ ನೋಡಿಕೊಳ್ಳೋನು ಮಾಂಕೀರದ ದೊರೆ ಬಲ್ಹರನ ಪರವಾಗಿ ಇರೋ ಅಧಿಕಾರಿ. ಬಲ್ಹರ ಅಂದ್ರೆ ವಲ್ಲಭರಾಜ, ರಾಷ್ಟ್ರಕೂಟ ಚಕ್ರವರ್ತಿ. ಮಾಂಕೀರ ಅಂದ್ರೆ ಮಾನ್ಯಖೇಟ, ಇವತ್ತಿನ ಕಲಬುರಗಿ ಜಿಲ್ಲೆಯ ಮಳಖೇಡ.

ಹಾಗಾದ್ರೆ ಗುಜರಾತ್ ನಮ್ಮದಾಗಿತ್ತಾ?

ಆಳ್ವಿಕೆ ಇದ್ದಿದ್ದು ನಿಜ. ದಕ್ಷಿಣ ಗುಜರಾತಿಗೆ ಆಗ ಲಾಟ ಅಂತ ಹೆಸರು. ಬಾದಾಮಿ ಚಾಲುಕ್ಯರ ಒಂದು ಶಾಖೆ ನವಸಾರಿಯಲ್ಲಿತ್ತು. ಆ ಶಾಖೆಯ ಅವನಿಜನಾಶ್ರಯ ಪುಲಕೇಶಿ ಅರಬ್ ಸೇನೆಯನ್ನ ಸೋಲಿಸಿದ್ದನ್ನ ಸುಮಾರು 739ರ ನವಸಾರಿ ತಾಮ್ರಶಾಸನ ಹೇಳುತ್ತೆ. ಮುಂದೆ ರಾಷ್ಟ್ರಕೂಟ ಮೂರನೇ ಗೋವಿಂದ ತನ್ನ ತಮ್ಮ ಇಂದ್ರನನ್ನ ಲಾಟಕ್ಕೆ ಕಳಿಸಿದ. ಇಂದ್ರನ ಮಗ ಕರ್ಕ 812ರಲ್ಲಿ ಒಂದು ಹಳ್ಳಿಯನ್ನ ದಾನ ಕೊಟ್ಟ: ಅಂಕೋಟ್ಟಕ ವಿಭಾಗದ ವಡಪದ್ರಕ. ಅದೇ ಇವತ್ತಿನ ವಡೋದರಾ. ಮಾನ್ಯಖೇಟದಲ್ಲಿ ಬಾಲಕ ಅಮೋಘವರ್ಷ ಸಿಂಹಾಸನ ಕಳಕೊಂಡಾಗ ಅದನ್ನ ಉಳಿಸಿಕೊಟ್ಟಿದ್ದೂ ಈ ಕರ್ಕನೇ. ಮುಂದೆ ಅದೇ ಅಮೋಘವರ್ಷನ ಆಸ್ಥಾನದಲ್ಲಿ 'ಕವಿರಾಜಮಾರ್ಗ' ಹುಟ್ಟಿತು.

ಇಷ್ಟು ಕೇಳಿದ ಕೂಡಲೇ ನಮ್ಮ ವಾಟ್ಸಾಪ್ ಗುಂಪುಗಳಲ್ಲಿ ಭೂಪಟ ಓಡಾಡುತ್ತೆ, ನರ್ಮದೆ ತನಕ ಕೆಂಪು ಹಳದಿ ಬಣ್ಣ ಬಳಿದು. ಸ್ವಲ್ಪ ತಡೀರಿ. ಅದೇ ಕವಿರಾಜಮಾರ್ಗ ಕನ್ನಡ ನಾಡಿನ ಗಡಿ ಹೇಳೋದು ಕಾವೇರಿಯಿಂದ ಗೋದಾವರಿ ತನಕ. ನರ್ಮದೆ ಅಂತ ಹೇಳಲ್ಲ. ತನ್ನ ದೊರೆಯ ವಂಶ ನರ್ಮದೆ ದಡದಲ್ಲೂ ಆಳ್ತಿದೆ ಅಂತ ಆ ಕವಿಗೆ ಗೊತ್ತಿಲ್ಲದೆ ಇರೋಕೆ ಸಾಧ್ಯವಾ? ರಾಜ್ಯ ಬೇರೆ, ಭಾಷೆಯ ನಾಡು ಬೇರೆ ಅನ್ನೋ ತಿಳುವಳಿಕೆ 9ನೇ ಶತಮಾನದಲ್ಲೇ ಇತ್ತು ಅಂತ ನಾನು ಓದ್ಕೊಳ್ತೀನಿ.

ಲಾಟದ ಆ ದೊರೆಗಳು ಇಲ್ಲಿ ಹೇಗಿದ್ರು? ಶಾಸನ ಬರೆಸಿದ್ದು ಸಂಸ್ಕೃತದಲ್ಲಿ, ಇಲ್ಲಿನ ಲಿಪಿಯಲ್ಲಿ, ಇಲ್ಲಿನ ಜನ ಓದೋ ಹಾಗೆ. ಆದರೆ ರಾಷ್ಟ್ರಕೂಟರ ಇತಿಹಾಸ ಬರೆದ ಎ. ಎಸ್. ಅಳ್ತೇಕರ್ ಒಂದು ವಿಷಯ ಗಮನಿಸಿದ್ರು. ಕರ್ಕನ ತಾಮ್ರಪಟದಲ್ಲಿ ಒಕ್ಕಣೆಯೆಲ್ಲಾ ಸ್ಥಳೀಯ ಲಿಪಿ, ಕೊನೆಗೆ ದೊರೆಯ ರುಜು ಮಾತ್ರ ದಕ್ಷಿಣದ ಹಳೇ ಕನ್ನಡ ಲಿಪಿ. ದಿನವಿಡೀ ಆಫೀಸಲ್ಲಿ ಇಂಗ್ಲಿಷು, ಸೊಸೈಟಿಯಲ್ಲಿ ಹಿಂದಿ ಗುಜರಾತಿ ಮಾತಾಡಿ, ಬ್ಯಾಂಕಿನ ಫಾರಂ ಮೇಲೆ ಕನ್ನಡದಲ್ಲಿ ಸೈನ್ ಹಾಕೋರು ನಮ್ಮಲ್ಲಿ ಎಷ್ಟು ಜನ ಇಲ್ಲ? ಕರ್ಕನನ್ನ ಅವರ ಹಿರಿಯ ಅಂದ್ರೆ ನನ್ನ ಆಕ್ಷೇಪ ಇಲ್ಲ.

ಇನ್ನೊಂದು ಉದಾಹರಣೆ ಸಂಜಾಣದ್ದು, ವಲ್ಸಾಡ್ ಜಿಲ್ಲೆಯ ಹಳೇ ಬಂದರು. ರಾಷ್ಟ್ರಕೂಟ ಎರಡನೇ ಕೃಷ್ಣ ಆ ಮಂಡಲಕ್ಕೆ ಒಬ್ಬ ಅರಬ್ ಅಧಿಕಾರಿಯನ್ನ ನೇಮಿಸಿದ್ದ. 926ರ ಚಿಂಚಣಿ ತಾಮ್ರಶಾಸನದಲ್ಲಿ ಅವನ ಹೆಸರು ಮಧುಮತಿ, ಅಂದ್ರೆ ಮೊಹಮ್ಮದ್. ಅವನ ಆಳ್ವಿಕೆಯಲ್ಲಿ ಎರಡು ಹೊಳೆಗೆ ಕಾಸಿಲ್ಲದ ದೋಣಿ ಸೇವೆ, ಅನ್ನ ತುಪ್ಪ ಬಡಿಸೋ ಛತ್ರ, ದೇವಿಯ ಮಠಕ್ಕೆ ದಾನ, ಇಷ್ಟೂ ನಡೆದವು. ನವಸಾರಿಯಲ್ಲಿ ಅರಬ್ಬರನ್ನ ಸೋಲಿಸಿದ್ದನ್ನ ಹೇಳೋರು ಸಂಜಾಣದ ಈ ಅರಬ್ಬನ ಬಗ್ಗೆಯೂ ಹೇಳಬೇಕು. ಎರಡೂ ತಾಮ್ರದ ಮೇಲೆ ಕೊರೆದಿರೋ ಸಂಗತಿಗಳೇ.

ಇಲ್ಲೇ ಹುಟ್ಟಿದ ನಮ್ಮ ಮಕ್ಕಳಿಗೆ ನಾವು ಏನು ಹೇಳ್ತೀವಿ ಅನ್ನೋದು ಇದರಲ್ಲಿದೆ. "ಇದು ನಮ್ಮದಾಗಿತ್ತು" ಅಂತ ಹೇಳಿಕೊಟ್ರೆ, ಪಕ್ಕದ ಮನೆ ಗುಜರಾತಿ ಹುಡುಗನ ಜೊತೆ ಒಂದು ಜಗಳ ಕಲಿಸಿದ ಹಾಗೆ. "ನಮಗೂ ಇದಕ್ಕೂ ಸಂಬಂಧ ಇಲ್ಲ, ಸಂಬಳಕ್ಕೆ ಬಂದಿದ್ದೀವಿ" ಅಂದ್ರೆ ಅದೂ ಸುಳ್ಳು. ಗ್ರೀಕರು, ಶಕರು, ಚಾಲುಕ್ಯರು, ರಾಷ್ಟ್ರಕೂಟರು, ಅರಬ್ಬರು ಇಲ್ಲಿಗೆ ಬಂದರು. ಇಲ್ಲಿನ ಕೆಸರು ಬಲ್ಲ ಬೆಸ್ತರನ್ನ ನಂಬಿದವರ ಹಡಗು ದಡ ಸೇರಿತು. ಬಂದವರು ಇಲ್ಲಿನ ಲಿಪಿ ಕಲಿತರು, ತಮ್ಮ ರುಜುವನ್ನೂ ಬಿಡಲಿಲ್ಲ. ಮಕ್ಕಳಿಗೆ ಇಷ್ಟು ಹೇಳಿದ್ರೆ ಸಾಕು ಅನ್ಸುತ್ತೆ.

ಹೊರಡೋರಿಗೆ ಕೊನೆಯ ಸೂಚನೆಗಳು. ನವೆಂಬರ್‌ನಿಂದ ಫೆಬ್ರವರಿ ಒಳಗೆ ಹೋಗಿ, ಬೇಸಿಗೆಯಲ್ಲಿ ಲೋಥಲ್ ಬಯಲಲ್ಲಿ ನೆರಳು ಸಿಗಲ್ಲ. ಅಲ್ಲಿನ ಮ್ಯೂಸಿಯಂಗೆ ಶುಕ್ರವಾರ ರಜೆ. ಖಂಭಾತ್ ಕಡೆ ನೀರು ಇಳಿದಾಗ ಕೆಸರು ಬಯಲು ಚೆನ್ನಾಗಿ ಕಾಣುತ್ತೆ ಅಂತ ಮಕ್ಕಳನ್ನ ಕರ್ಕೊಂಡು ಒಳಗೆ ನಡೆಯಬೇಡಿ. ನೀರು ತಿರುಗಿ ಬರೋ ವೇಗ ನಮಗೆ ಗೊತ್ತಾಗಲ್ಲ. ದಡದಲ್ಲಿ ಯಾರಾದ್ರೂ ಮೀನುಗಾರ ಇದ್ರೆ ಕೇಳಿ, ಎಲ್ಲಿ ತನಕ ಹೋಗಬಹುದು ಅಂತ ಅವರು ಹೇಳ್ತಾರೆ.

ಮುಂದಿನ ಮಾತು ಸೂರತ್ ಬಗ್ಗೆ.