ಡಾಗೆನ್‌ಹ್ಯಾಮಿನ ಹೊಲಿಗೆಯ ತಾಯಂದಿರು

ಭೀಮಾ ತೀರದ ಘತ್ತರಗಿಯಲ್ಲಿ ಮಧ್ಯಾಹ್ನದ ಹೊತ್ತು ಪಡಸಾಲೆಯಲ್ಲಿ ಕೌದಿ ಹೊಲಿಯುವ ತಾಯಂದಿರನ್ನು ನೀವೂ ಕಂಡಿರಬಹುದು. ಹಳೆಯ ಸೀರೆಗಳನ್ನು ಪದರು ಪದರಾಗಿ ಹಾಸಿ, ಸುಕ್ಕು ಬೀಳದಂತೆ ಸಾಲುಹೊಲಿಗೆ ಹಾಕುವ ಆ ಕೈಗಳನ್ನು ನಾವು ಮೆಚ್ಚುತ್ತೇವೆಯೇ ಹೊರತು, ಅದನ್ನು ಕಲಿತ ವಿದ್ಯೆಯೆಂದು ಎಣಿಸುವುದಿಲ್ಲ. ಹೆಂಗಸರಿಗೆ ಅದು ತಾನಾಗಿಯೇ ಬರುತ್ತದೆ ಎನ್ನುತ್ತೇವೆ. ಇಂಥದೇ ಮಾತಿನ ವಿರುದ್ಧ ಇಂಗ್ಲೆಂಡಿನ ಒಂದು ಕಾರು ಕಾರ್ಖಾನೆಯ ಸ್ತ್ರೀಯರು ಎದ್ದು ನಿಂತ ಕಥೆ ನೆನಪಿಗೆ ಬರುತ್ತದೆ.

ಲಂಡನ್ನಿನ ಪೂರ್ವಕ್ಕೆ, ಥೇಮ್ಸ್ ನದಿಯ ದಂಡೆಯಲ್ಲಿ ಡಾಗೆನ್‌ಹ್ಯಾಮ್ ಇದೆ. ಅಲ್ಲಿ ಫೋರ್ಡ್ ಕಾರ್ಖಾನೆ 1931ರಲ್ಲಿ ಆರಂಭವಾಯಿತು. ಸಾವಿರಾರು ಗಂಡಸರ ನಡುವೆ ಕಾರಿನ ಆಸನಗಳ ಹೊದಿಕೆಯನ್ನು ಹೊಲಿಯುತ್ತಿದ್ದವರು ಸ್ತ್ರೀಯರು. ಕೆಲಸಕ್ಕೆ ಸೇರುವ ಮುನ್ನ ಯಂತ್ರದ ಮೇಲೆ ಹೊಲಿದು ತೋರಿಸಿ ಪರೀಕ್ಷೆಯಲ್ಲಿ ತೇರ್ಗಡೆಯಾಗಬೇಕಿತ್ತು. ಆದರೂ ಕಂಪನಿಯು ಅವರನ್ನು ಕಡಿಮೆ ಕೌಶಲದ 'ಬಿ' ದರ್ಜೆಗೆ ಸೇರಿಸಿತು; ಆ ದರ್ಜೆಯ ಗಂಡಸರಿಗೆ ಸಿಗುವುದರಲ್ಲಿಯೂ ನೂರಕ್ಕೆ ಎಂಬತ್ತೈದರಷ್ಟನ್ನು ಮಾತ್ರ ಕೊಟ್ಟಿತು.

1968ರ ಜೂನ್ 7ರಂದು 187 ಮಂದಿ ಸ್ತ್ರೀಯರು ಯಂತ್ರಗಳನ್ನು ನಿಲ್ಲಿಸಿ ಹೊರಬಂದರು. ಆಸನವಿಲ್ಲದ ಕಾರನ್ನು ಕೊಳ್ಳುವವರಾರು? ಉತ್ಪಾದನೆಯೇ ನಿಂತುಹೋಯಿತು. ಮೂರು ವಾರಗಳ ಬಳಿಕ ಉದ್ಯೋಗ ಸಚಿವೆ ಬಾರ್ಬರಾ ಕ್ಯಾಸಲ್ ಅವರನ್ನು ಕರೆಸಿ, ಚಹಾ ಕೊಟ್ಟು ಮಾತನಾಡಿದರು. ಕೂಲಿ ನೂರಕ್ಕೆ ತೊಂಬತ್ತೆರಡಕ್ಕೆ ಏರಿತು. ಮುಂದಿನ ವರ್ಷ ಪೂರ್ಣವಾಗುವುದೆಂಬ ಒಪ್ಪಂದವಾಯಿತು. 1970ರಲ್ಲಿ ಬ್ರಿಟನ್ನಿನ ಸಂಸತ್ತು ಸಮಾನ ವೇತನದ ಕಾಯ್ದೆಯನ್ನು ಅಂಗೀಕರಿಸಿತು. ಭಾರತದಲ್ಲಿ ಅಂಥದೇ ಕಾಯ್ದೆ 1976ರಲ್ಲಿ ಬಂತು.

ಲೋಕವು ಇದನ್ನು ವಿಜಯವೆಂದು ಕೊಂಡಾಡಿತು. 2010ರಲ್ಲಿ ಚಲನಚಿತ್ರವೂ ಬಂತು. ಆದರೆ ಆ ಸ್ತ್ರೀಯರು ಮುಪ್ಪಿನಲ್ಲಿ ತಮ್ಮ ನೆನಪುಗಳನ್ನು ಹೇಳಿಕೊಂಡಾಗ ಬೇರೊಂದು ನೋವು ಕೇಳಿಸಿತು. ಅವರು ಹೊರಟಿದ್ದು ಬರಿಯ ಹಣಕ್ಕಾಗಿ ಅಲ್ಲ, ತಮ್ಮ ಕೈಕೆಲಸವು ಕೌಶಲವೆಂಬ ಮಾನ್ಯತೆಗಾಗಿ. 1968ರಲ್ಲಿ ಅದು ದೊರೆಯಲಿಲ್ಲ. 1984ರಲ್ಲಿ ಮತ್ತೊಮ್ಮೆ, ಆರು ವಾರ ಮುಷ್ಕರ ಹೂಡಿದ ಮೇಲೆಯೇ 'ಸಿ' ದರ್ಜೆ ಕೈಸೇರಿತು. ಹದಿನಾರು ವರ್ಷ! ಅಷ್ಟರಲ್ಲಿ ಎಷ್ಟೋ ಮಂದಿ ನಿವೃತ್ತರಾಗಿದ್ದರು. 2002ರಲ್ಲಿ ಡಾಗೆನ್‌ಹ್ಯಾಮಿನಲ್ಲಿ ಕಾರುಗಳ ಜೋಡಣೆಯೇ ನಿಂತಿತು.

ನಮ್ಮ ಅಫಜಲಪುರ, ಜೇವರ್ಗಿಯ ತೊಗರಿ ಹೊಲಗಳಲ್ಲಿ ಗಂಡಾಳಿಗೊಂದು ಕೂಲಿ, ಹೆಣ್ಣಾಳಿಗೊಂದು ಕೂಲಿ ಎಂಬ ಮಾತನ್ನು ನಾನು ಎಷ್ಟೋ ಸಲ ಕೇಳಿದ್ದೇನೆ. ಕಾರಣ ಕೇಳಿದರೆ, "ಅದು ಹಂಗೇ ಬಂದದ ಫಾದರ್" ಎನ್ನುತ್ತಾರೆ.